ಎಡಗೈಯ ನಿಂಬೆಹಣ್ಣು

ನಿಂಬೆಹಣ್ಣಿನ ತೊಟ್ಟಿಗೆ ಒಂದು ಎಲೆ ಇನ್ನೂ ಅಂಟಿಕೊಂಡಿದೆ, ನೆವಿಲ್ ಅದನ್ನು ಕೀಳದೆ ಹಾಗೇ ತಂದಿದ್ದಾನೆ, ಜಯನಗರದ ನಮ್ಮ ಮನೆಯ ಹೊಸ್ತಿಲಾಚೆ ನಿಂತು ಅಮ್ಮನ ಮುಂದೆ ಚಾಚಿದ್ದಾನೆ — ಅಯ್ಯೋ, ಎಡಗೈಯಲ್ಲಿ. ಮೂರು ವಾರದಿಂದ ಹೇಳಿಕೊಟ್ಟಿದ್ದೆ, ಹೆಣ್ಣು ಕೇಳಲು ಬರಿಗೈಯಲ್ಲಿ ಬರಬಾರದು, ಹಿರಿಯರಿಗೆ ಒಂದು ನಿಂಬೆಹಣ್ಣು ಕೊಟ್ಟರೂ ಸಾಕು, ಆದರೆ ಬಲಗೈ, ನೆವಿಲ್, ಬಲಗೈ, ಕಾಕ್ಸ್ ಟೌನಿನಲ್ಲಿ ನಮ್ಮ ಬ್ಯಾಂಡು ಸೇರುವ ಅವನ ಮನೆಯ ಗ್ಯಾರೇಜಿನಲ್ಲಿ ಗಿಟಾರ್ ಕೆಳಗಿಟ್ಟು, ನನ್ನನ್ನೇ ಅಮ್ಮನನ್ನಾಗಿ ಮಾಡಿಕೊಂಡು ಹತ್ತು ಸಲ ಅಭ್ಯಾಸ ಮಾಡಿದ್ದ, ಡ್ರಮ್ಮಿನ ಹಿಂದೆ ಕೂತ ತಿರುಮಲೇಶ ಬಿದ್ದು ಬಿದ್ದು ನಕ್ಕಿದ್ದ, ಲೋ, ನಮ್ಮೋರ್‍ಗಿಂತ ಚೆನ್ನಾಗಿ ಬಗ್ತೀಯಲ್ಲೋ. ಹುಟ್ಟುಗುಣ ಸುಟ್ಟರೂ ಹೋಗದು, ಹೆದರಿದರೆ ಆ ಕೈಯೇ ಮುಂದೆ ಬರುತ್ತದೆ, ನಾನು ಮೊದಲು ನೋಡಿದ್ದೂ ಅದನ್ನೇ ಅಲ್ಲವೇ, ಕಾಲೇಜಿನ ಸಮಾರಂಭದಲ್ಲಿ ಗಿಟಾರನ್ನು ತಿರುಗಿಸಿ ಹಿಡಿದು ಎಡಗೈಯಲ್ಲಿ ಮೀಟುತ್ತಿದ್ದ, ನಾನು ಹಾಡುತ್ತ ಹಾಡುತ್ತ ಸಾಲನ್ನೇ ಮರೆತೆ, ಅವನು ಅದೇ ನಾಲ್ಕು ಸ್ವರಗಳನ್ನು ಸುತ್ತಿ ಸುತ್ತಿ ನುಡಿಸುತ್ತ ನನಗಾಗಿ ಕಾದ, ಕಾಯುವ ಗಂಡು ಎಲ್ಲಿ ಸಿಗುತ್ತಾನೆ, ನನಗೆ ಇವನೇ ಬೇಕು. ಅಮ್ಮ ಒಪ್ಪಿದರೆ ಅಪ್ಪ ಒಪ್ಪಿದ ಹಾಗೆ, ಒಪ್ಪದಿದ್ದರೆ ನಾಳೆಯಿಂದ ಬಸ್‌ಸ್ಟಾಪಿಗೂ ಕಳಿಸುವುದಿಲ್ಲ, ಹಾಡೂ ಇಲ್ಲ ಅವನೂ ಇಲ್ಲ — ಅಮ್ಮನ ಕೈ ಸೆರಗಿನೊಳಗೇ ಇದೆ, ವಾರಿಜಾ, ಎಡಗೈಲಿ ಕೊಡ್ತಾನಲ್ಲೇ, ಆಂಗ್ಲೋ ಇಂಡಿಯನ್ನೋರ ಮನೇಲಿ ಇಷ್ಟೂ ಹೇಳ್ಕೊಡಲ್ವೇನೇ, ಅವನ ಕಿವಿ ಕೆಂಪಾಯಿತು, ಸಾರಿ ಅಮ್ಮ, ಪ್ರಾಕ್ಟೀಸ್ ಮಾಡಿದ್ದೆ ಅಮ್ಮ, ಹಣ್ಣನ್ನು ಬಲಗೈಗೆ ದಾಟಿಸಲು ಹೊರಟಿದ್ದಾನೆ, ಪಾಪ, ಅವನಿಗೆ ಅವನ ಕೈಯ ಮೇಲೇ ನಾಚಿಕೆ ಹುಟ್ಟಿಸಿದವಳು ನಾನು, ಅಂಗೈ ನಡುವೆ ದುಂಡಗೆ ಕೂತ ಆ ಹಣ್ಣು — ಎಲ್ಲೋ ನೋಡಿದ್ದೇನಲ್ಲ ಇದನ್ನು, ಎಲ್ಲೋ ಏನು, ದಿನಾ ನೋಡುತ್ತೇನೆ, ಬೆಳಗ್ಗೆ ಮಿಂದು ಮಣೆಯ ಮೇಲೆ ಕೂತ ಅಮ್ಮ, ಕೊರಳಿನ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿಟ್ಟು, ವಿಭೂತಿ, ಒಂದು ಹೂವು, ರೆಪ್ಪೆ ಮಿಟುಕಿಸದ ನೋಟ — ಎಡ ಅಂಗೈ. ತಾಳು ನೆವಿಲ್, ಕೈ ಬದಲಾಯಿಸ್ಬೇಡ, ಇಷ್ಟು ಜೋರಾಗಿ ಹೇಳಿದ್ದು ನಾನೇನಾ, ಅಮ್ಮ, ನಿನ್ನ ದೇವರು ಯಾವ ಕೈಲಿ ಕೂರ್ತಾನಮ್ಮ, ಅಮ್ಮ ನನ್ನತ್ತ ತಿರುಗುತ್ತಾಳೆ, ಮತ್ತೆ ಅವನ ಅಂಗೈಯತ್ತ, ಸೆರಗು ಅಲುಗಿತೇ, ಒಳಗಿನ ಕೈ ಹೊರಬರುತ್ತಿದೆಯೇ, ಬರೀ ಗಾಳಿಯೇ, ಹೊಸ್ತಿಲ ಮೇಲೆ ಎಡಗೈ, ಎಡಗೈಯಲ್ಲಿ ನಿಂಬೆಹಣ್ಣು, ಅದರ ಒಂದು ಎಲೆ —