ಗಟ್ಟಿ ಟೈರು

ಮತ್ತೆ ಶುರುವಾಯಿತು, ಅನಂತಶಯನಗುಡಿ ದಾಟಿ ಗಾಡಿ ವೇಗ ಹಿಡಿಯುತ್ತಲೇ ಕಾಲ ಕೆಳಗಿನಿಂದ ಗೊರ್ರೋ ಎನ್ನುವ ಸದ್ದು, ಚಪ್ಪಲಿಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹಲ್ಲಿಗೆ — ಇದು ಇಂಜಿನ್ನಲ್ಲ, ಈ ಕಾರಿಗೆ ಇಂಜಿನ್ನೇ ಇಲ್ಲ, ಕರೆಂಟಿನ ಗಾಡಿ, ಇದು ಬರೀ ಟೈರು, ಹೋದ ಸೋಮವಾರ ಹಾಕಿಸಿದ ನಾಲ್ಕು ಹೊಸ ಟೈರು, ರೇಣುಕಾದೇವಿಯನ್ನು ಒಂದು ಮಾತು ಕೇಳದೆ ಹಾಕಿಸಿದ್ದು. ಗಂಡ ಮುರುಗೇಶ್ ಸ್ಟೀರಿಂಗ್ ಮೇಲೆ ಬೆರಳು ತಟ್ಟುತ್ತ ಆರಾಮಾಗಿದ್ದಾನೆ, ಅವನಿಗೇನು, ಕಂಪ್ಲಿಯಲ್ಲಿ ಇಪ್ಪತ್ತೆರಡು ವರ್ಷ ಅಕ್ಕಿ ಗಿರಣಿ ನಡೆಸಿದ ಕಿವಿ, ಗದ್ದಲವೇ ಅದಕ್ಕೆ ಜೋಗುಳ. ಅವಳಿಗೆ ಹಾಗಲ್ಲ, ಅವಳಿಗೆ ಈ ಕಾರಿನೊಳಗೆ ಮಾತ್ರ ದನಿ ಇತ್ತು. ನಾಲ್ಕು ತಿಂಗಳ ಹಿಂದೆ ಥೈರಾಯ್ಡ್ ಆಪರೇಷನ್ ಆದಮೇಲೆ ಉಳಿದದ್ದು ಉಸಿರಿನಷ್ಟು ಮಾತು, ಮನೆಯಲ್ಲಿ ಅತ್ತೆಯ ಟೀವಿ, ಮಿಕ್ಸಿ, ನೀರಿನ ಮೋಟಾರು, ಅದರ ನಡುವೆ ಆ ಉಸಿರು ಯಾರ ಕಿವಿಗೂ ಬೀಳುತ್ತಿರಲಿಲ್ಲ, ಆದರೆ ಬೆಳಿಗ್ಗೆ ಹೊಸಪೇಟೆಯಿಂದ ಕಮಲಾಪುರದಲ್ಲಿ ಅವಳು ಕಲಿಸುವ ಶಾಲೆಯವರೆಗೆ ಗಾಜು ಏರಿಸಿ ಕುಳಿತರೆ ಅವಳ ಪಿಸುಮಾತು ಅಷ್ಟೂ ಅವನಿಗೆ ಕೇಳುತ್ತಿತ್ತು, ಹೌದಾ, ಆಮ್ಯಾಲ ಏನಾತು, ನಿಂಗ ಹಂಗ ಅನ್ನಿಸ್ತೇನು ಎಂದು ತಿರುಗಿ ಕೇಳುತ್ತಿದ್ದ, ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳ ಮಾತನ್ನು ಪೂರ್ತಿ ಕೇಳಿದ್ದೇ ಆಗ. ಹನ್ನೆರಡು ಕಿಲೋಮೀಟರ್, ಅವಳ ಪಾಲಿಗೆ ಇದ್ದದ್ದೇ ಅಷ್ಟು, ಅದನ್ನೂ ತೆಗೆದುಕೊಂಡು ಹೋಗಿ ಟೈರಿಗೆ ಕೊಟ್ಟುಬಿಟ್ಟ.

ಕೊಟ್ಟದ್ದಾದರೂ ಯಾರ ಮಾತಿಗೆ, ಸಂಡೂರಿನ ಭಾವನ ಮಾತಿಗೆ, ಗಂಡನ ಅಣ್ಣ, ಅದಿರು ಲಾರಿಗಳ ಮಾಲೀಕ ಬಸವಕುಮಾರ್, ಅಂಗಡಿಯಲ್ಲಿ ಒಂದೊಂದೇ ಟೈರನ್ನು ಬೆರಳ ಗೆಣ್ಣಿನಿಂದ ತೆಂಗಿನಕಾಯಿ ಕುಟ್ಟಿದ ಹಾಗೆ ಕುಟ್ಟಿ ನೋಡಿದ, ಇದನ್ನ ಹಾಕ್ಸಲೇ ಮುರುಗಾ, ಅದಿರಿನ ಕಲ್ಲಿಗೂ ಜಗ್ಗಂಗಿಲ್ಲ, ಆ ಮೆತ್ತನ್ವು ಹಾಕ್ಕೊಂಡು ನಮ್ಮೂರಿಗೆ ಬರ್ತೀಯೇನು — ಇವರು ಸಂಡೂರಿಗೆ ಹೋಗುವುದು ವರ್ಷಕ್ಕೆ ಎರಡು ಸಲ, ದೀಪಾವಳಿಗೊಮ್ಮೆ, ಭಾವನ ಮನೆಯ ಪೂಜೆಗೊಮ್ಮೆ, ಆ ಎರಡು ದಿನಕ್ಕೋಸ್ಕರ ಉಳಿದಷ್ಟೂ ದಿನ ಅವಳು ಬಾಯಿ ಮುಚ್ಚಿಕೊಂಡಿರಬೇಕು. ಅಂಗಡಿಯ ಜಡೆಪ್ಪನಾದರೂ ಹೇಳಿದ, ಪಾಪ, ಅಣ್ಣಾರ, ಕರೆಂಟ್ ಗಾಡಿಗೆ ಈ ಗಟ್ಟಿ ಟೈರ್ ಹಾಕಿದ್ರ ಒಳಗ ಭಾಳ ಸೌಂಡ್ ಬರ್ತೈತ್ರಿ, ಮುಚ್ಚಾಕ ಇಂಜಿನ್ ಸದ್ದು ಇರಂಗಿಲ್ಲಲ್ಲ, ಮೆತ್ತಂದು ತೋರಿಸ್ಲೇನ್ರಿ. ಮುರುಗೇಶ್ ಅವನಿಗೂ ಹೂಂ ಅಂದ, ಅಣ್ಣನಿಗೂ ಹೂಂ ಅಂದ. ಅವಳು ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಳಲ್ಲ, ಬ್ಯಾಡ್ರಿ ಅಂದಳು, ಮೂರು ಸಲ ಬ್ಯಾಡ್ರಿ ಅಂದಳು, ಗಾಳಿ ತುಂಬುವ ಮಶೀನು ಬಡಬಡಿಸುತ್ತಿತ್ತು, ಅವನು ಅವಳ ಕಡೆಗೂ ತಿರುಗಿದ, ಗದ್ದ ಒಂದಂಗುಲ ಕೆಳಗೆ, ಕಣ್ಣು ಬೇರೆಲ್ಲೋ, ಹೂಂ.

ಅದು ಗಿರಣಿಯ ಹೂಂ. ಒಳಗೆ ಮಶೀನು ಓಡುವಾಗ ಹಮಾಲಿ ಪಾಲಪ್ಪ ಏನು ಕೇಳಿದರೂ ಹೂಂ, ಮೆಟ್ರಿಯಿಂದ ಭತ್ತ ತಂದವರು ಏನು ಕೂಗಿದರೂ ಹೂಂ, ಆ ಹೂಂಗೆ ಅರ್ಥವಿಲ್ಲ ಎಂದು ಅಲ್ಲಿ ಎಲ್ಲರಿಗೂ ಗೊತ್ತು, ನಿಜವಾದ ಮಾತು ಬೇಕಾದವರು ಹೊರಗೆ ಬೇವಿನ ಮರದ ಕೆಳಗೆ ಬಂದು ಇನ್ನೊಮ್ಮೆ ಕೇಳುತ್ತಾರೆ, ಹೊರಗೆ ಅಂದದ್ದೇ ಅಂದದ್ದು. ಅವಳು ಯಾವ ಮರ ಹುಡುಕಿಕೊಂಡು ಹೋಗಬೇಕು. ಬ್ಯಾಗಿನಲ್ಲಿ ಸ್ವಯಂ ನಿವೃತ್ತಿಯ ಅರ್ಜಿ ಇದೆ, ಸಹಿಯೊಂದು ಬಾಕಿ, ಹೆಡ್‌ಮೇಡಂ ಶ್ರೀಲಕ್ಷ್ಮೀ ತೀರಾ ನಯವಾಗಿ ಹೇಳಿದ್ದರು, ತಪ್ಪು ತಿಳ್ಕೋಬ್ಯಾಡ್ರಿ ಮೇಡಂ, ಹಿಂದಿನ ಬೆಂಚಿಗೆ ನಿಮ್ಮ ಮಾತು ಕೇಳ್ಸಂಗಿಲ್ಲ, ಮುಂದಿನ ವರ್ಷ ಮೈಕ್ ಹಾಕ್ಕೊಂಡು ಮಾಡ್ತೀರೋ, ಬಿಡ್ತೀರೋ, ಶುಕ್ರವಾರ ಹೇಳಿಬಿಡ್ರಿ. ಇವತ್ತು ಶುಕ್ರವಾರ. ಬಿಡುವ ಮನಸ್ಸು ಅವಳಿಗಿಲ್ಲ, ಎಂಟನೇ ಕ್ಲಾಸಿನ ಮಕ್ಕಳು ಈಗ ಅವಳಿಗಾಗಿ ಉಸಿರು ಬಿಗಿಹಿಡಿದು ಕೂರುತ್ತವೆ, ಹಿಂದಿನ ಬೆಂಚಿನವು ಎದ್ದು ಬಂದು ನೆಲದ ಮೇಲೆ ಕೂರುತ್ತವೆ, ಅವಳಿಗೆ ಬೇಕಾದ್ದು ಒಂದೇ ಒಂದು ಮಾತು, ಬ್ಯಾಡ ಬಿಡಬ್ಯಾಡ ಎಂದು ಗಂಡ ಅನ್ನಬೇಕು, ಅಷ್ಟಾದರೆ ಮೈಕು ಕಟ್ಟಿಕೊಂಡು ಕ್ಲಾಸಿಗೆ ಹೋಗಿ ನಿಲ್ಲುತ್ತಾಳೆ. ಮಲಪನಗುಡಿ ಬಂತು, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೇಳಿದಳು, ಏನ್ರಿ, ನಾ ನೌಕರಿ ಬಿಡ್ಲೇನ್ರಿ. ಗದ್ದ ಒಂದಂಗುಲ ಕೆಳಗೆ, ಹೂಂ. ಬಿಡು ಅಂದನೇ — ಅಲ್ಲ, ಕೇಳಿಸಿಲ್ಲ, ಖಂಡಿತ ಕೇಳಿಸಿಲ್ಲ, ಪರೀಕ್ಷೆಗೆಂದು ಮತ್ತೆ ಅಂದಳು, ನಿಮ್ಮ ನಾಲ್ಕೂ ಟೈರ್ ಬಿಚ್ಚಿ ಕಾಲುವೆಗೆ ಒಗೀತೀನಿ, ಹೂಂ ಅಂದ, ನಿಮ್ಮಣ್ಣನ್ನೂ ಒಗೀತೀನಿ, ಅದಕ್ಕೂ ಹೂಂ. ನಗು ಬಂತು, ನಗುವಿನ ಬೆನ್ನಿಗೇ ಉರಿ ಎದ್ದಿತು, ಏನಂದೆ ಎಂದು ಕೇಳಬಾರದೇ ಈ ಮನುಷ್ಯ, ಗಾಡಿ ಬದಿಗೆ ನಿಲ್ಲಿಸಬಾರದೇ, ಫೋನಿನಲ್ಲಿ ಬರೆದು ತೋರಿಸಬಹುದು, ಯಾಕೆ ತೋರಿಸಬೇಕು, ದಿನವೆಲ್ಲ ಬೋರ್ಡಿನ ಮೇಲೆ ಬರೆಯುವುದು ಸಾಲದೇ, ಕಟ್ಟಿಕೊಂಡವನಿಗೂ ಬರೆದೇ ಹೇಳಬೇಕೇ — ಇರಲಿ, ತಪ್ಪು ಟೈರಿನದು, ಭಾವನದು, ಈ ಹಾಳು ರಸ್ತೆಯದು, ಶಾಲೆಯ ಹತ್ತಿರ ಗಾಡಿ ನಿಲ್ಲುತ್ತದಲ್ಲ, ನಿಂತಮೇಲೆ ಟೈರು ಏನು ಮಾಡೀತು.

ಕಡ್ಡಿರಾಂಪುರ, ಬಾಳೆ ತೋಟ, ಎದುರಿಗೆ ಕಬ್ಬಿನ ಟ್ರ್ಯಾಕ್ಟರು, ಅವಳು ಮಾತನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡೇ ಬಂದಳು. ಶಾಲೆಯ ಗೇಟು. ಗಾಡಿ ನಿಂತಿತು, ಗೊರ್ರೋ ಎನ್ನುವುದು ಒಮ್ಮೆಲೇ ಕಡಿದುಹೋಯಿತು, ಎಷ್ಟು ನಿಶ್ಶಬ್ದವೆಂದರೆ ಅವನ ವಾಚಿನ ಟಿಕ್ ಟಿಕ್ ಕೇಳುತ್ತಿದೆ, ಅವನ ಉಸಿರು ಕೇಳುತ್ತಿದೆ, ಅವಳ ಬಳೆ ಬ್ಯಾಗಿಗೆ ತಾಗಿದ್ದೂ ಕೇಳುತ್ತಿದೆ, ಈಗ ಇದೇ ಬೇವಿನ ಮರದ ನೆರಳು, ಈಗ ಕೇಳಬೇಕು, ಅವನು ಅವಳ ಕಡೆ ತಿರುಗಿದ್ದಾನೆ, ಅವಳು ತುಟಿ ತೆರೆದಳು, ಅಕ್ಷರ ಇನ್ನೂ ಹುಟ್ಟಿಲ್ಲ, ಗಂಟಲಲ್ಲೇ ಇದೆ — ಗದ್ದ ಒಂದಂಗುಲ ಕೆಳಗೆ, ಕಣ್ಣು ಗೇಟಿನ ಆಚೆ, ಹೂಂ. ಅವಳು ಇನ್ನೂ ಏನೂ ಅಂದಿಲ್ಲ. ಟೈರು ನಿಂತಿದೆ, ಅವಳು ಏನೂ ಅಂದೇ ಇಲ್ಲ, ಗದ್ದ ಒಂದಂಗುಲ ಕೆಳಗೆ —