ಆರು ಕಂಬಗಳ ದೂರ

ವಿಮಾನ ಹಾರಿಸುವವನು ತಮ್ಮ. ಅದು ಎಲ್ಲಿಗೆ, ಯಾವಾಗ, ಎಷ್ಟು ಇಂಧನ ತುಂಬಿಕೊಂಡು ಹಾರಬೇಕು, ಅಸಲಿಗೆ ಹಾರಬೇಕೋ ಬೇಡವೋ ಎಂದು ಬರೆದುಕೊಡುವವಳು ಅಕ್ಕ. ಆರು ಸೀಟಿನ ಆ ಒಂದೇ ವಿಮಾನವನ್ನು ಬಾಡಿಗೆಗೆ ಬಿಡುವ ಪುಟ್ಟ ಕಂಪನಿಯಲ್ಲಿ ಹದಿಮೂರು ವರ್ಷದಿಂದ ಹೀಗೇ ನಡೆದುಬಂದಿತ್ತು. ತಮ್ಮ ಕೂಗಿದ್ದೇ ಎಲ್ಲರ ಬಾಯಿಗೂ ಹತ್ತಿ, ಮೆಕ್ಯಾನಿಕ್ಕಿನಿಂದ ಮಾಲೀಕರವರೆಗೆ ಎಲ್ಲರಿಗೂ ಅವಳು ಅಕ್ಕನೇ. ಅವಳ ಮೇಜಿನ ಮೇಲೆ ಒಂದು ಕಂಪ್ಯೂಟರು, ಒಂದು ರೇಡಿಯೊ, ಹಲ್ಲಿನ ಗುರುತು ಬಿದ್ದ ನಾಲ್ಕಾರು ಪೆನ್ಸಿಲ್ಲು, ಮತ್ತೆ ನೀಲಿ ರಟ್ಟಿನ ಒಂದು ಉದ್ದನೆಯ ಪುಸ್ತಕ. ಆ ಪುಸ್ತಕದ ತುಂಬ ಇದ್ದದ್ದು ಬರೀ ಕಂಬಗಳ ಲೆಕ್ಕ.

ಸಮುದ್ರದ ದಡದ ಊರೊಂದರಲ್ಲಿ ಸಣ್ಣ ವಿಮಾನಗಳು ಇಳಿಯುವ ಒಂದು ರನ್‌ವೇ ಇತ್ತು. ವರ್ಷದಲ್ಲಿ ನಾಲ್ಕು ತಿಂಗಳು ಅಲ್ಲಿ ಬೆಳಗಾದರೆ ಮಂಜು. ದೂರ ಅಳೆದು ಹೇಳುವ ಯಂತ್ರವಿಲ್ಲ. ಇದ್ದದ್ದು ಒಬ್ಬ ಮುದುಕ ಕಾವಲುಗಾರ, ಒಂದು ಕೋಣೆ, ಒಂದು ಫೋನು. ಆ ಕೋಣೆಯ ಬಾಗಿಲಿನಿಂದ ಉಪ್ಪಿನ ಗದ್ದೆಗಳವರೆಗೆ ರನ್‌ವೇ ಬದಿಯ ರಸ್ತೆಗುಂಟ ದೀಪದ ಕಂಬಗಳಿದ್ದವು, ಇನ್ನೂರೈವತ್ತು ಮೀಟರಿಗೊಂದರಂತೆ. ಮುದುಕ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಎಷ್ಟು ಕಂಬ ಕಣ್ಣಿಗೆ ಬಿದ್ದವೆಂದು ಎಣಿಸಿ ಅಕ್ಕನಿಗೆ ಫೋನು ಮಾಡುತ್ತಿದ್ದ. ಆರು ಕಂಬ ಕಂಡರೆ ಒಂದೂವರೆ ಕಿಲೋಮೀಟರಿನವರೆಗೆ ಕಣ್ಣು ಹರಿಯುತ್ತಿದೆ ಎಂದರ್ಥ, ವಿಮಾನ ಇಳಿಯಬಹುದು. ಅದಕ್ಕಿಂತ ಒಂದು ಕಡಿಮೆಯಾದರೂ ಇಲ್ಲ. ಇದು ಯಾವ ಸರ್ಕಾರಿ ಪುಸ್ತಕದಲ್ಲೂ ಇಲ್ಲದ, ಅವರವರೇ ಮಾಡಿಕೊಂಡ ಕಟ್ಟಳೆ. ತಮ್ಮ ಆ ಮುದುಕನಿಗೆ ಕಂಬದಜ್ಜ ಎಂದೇ ಹೆಸರಿಟ್ಟಿದ್ದ.

ಅಜ್ಜನಿಗೆ ಬೆಳಗಿನ ಹೊತ್ತು ದೇವರ ಪದ್ಯಗಳನ್ನು ರಾಗವಾಗಿ ಹೇಳಿಕೊಳ್ಳುವ ಅಭ್ಯಾಸ. ಫೋನು ಹಚ್ಚಿದ ಮೇಲೂ ಕೈಯಲ್ಲಿದ್ದ ಪದ್ಯ ಮುಗಿಸಿಯೇ ಮಾತಿಗೆ ಬರುತ್ತಿದ್ದ. "ನಡುವೆ ಬಿಟ್ರೆ ಅದು ಅಲ್ಲೇ ಕುಂಟುತ್ತಾ ನಿಲ್ಲುತ್ತೆ ಕಣಮ್ಮ" ಎನ್ನುತ್ತಿದ್ದ. ಅಕ್ಕ ಅಜ್ಜಿಯ ಮಡಿಲಲ್ಲಿ ಅಂಥದೇ ಪದ್ಯ ಕೇಳುತ್ತ ನಿದ್ದೆಹೋಗಿ ಬೆಳೆದವಳು. ಒಂದು ದಿನವೂ ಅವನನ್ನು ಅವಸರಪಡಿಸಿದವಳಲ್ಲ. ಹದಿಮೂರು ವರ್ಷದಲ್ಲಿ ಅಜ್ಜನ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ.

ಅಂದು ಮಧ್ಯಾಹ್ನ ಎರಡೂವರೆಗೆ ಕಚೇರಿಗೆ ಬಂದವರು ಒಬ್ಬ ಸೇತುವೆ ಕಂಟ್ರಾಕ್ಟರು. ಬೂಟಿನ ತುಂಬ ಸಿಮೆಂಟು, ಅಂಗಿಯ ಜೇಬಿನಲ್ಲಿ ಅಳತೆ ಟೇಪು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಾಳೆ ಒಂಬತ್ತು ಗಂಟೆಗೆ ನಮ್ಮಪ್ಪನಿಗೆ ಆಪರೇಷನ್ನು, ಅಲ್ಲಿ ಸಮುದ್ರದ ಕಡೆ ಆಸ್ಪತ್ರೇಲಿ," ಎಂದರು. "ಉಳಿದ್ರೆ ಉಳೀತು ಅಂದಿದ್ದಾರೆ ಡಾಕ್ಟ್ರು. ನನಗೂ ಅವರಿಗೂ ಮಾತು ಬಿಟ್ಟು ಏಳು ವರ್ಷ ಆಯ್ತು ಮೇಡಮ್. ಇವತ್ತು ತಂಗಿ ಕೈಲಿ ಹೇಳಿಸಿದ್ದಾರೆ, ಅವನ ಮುಖ ನೋಡ್ಕೊಂಡೇ ಒಳಗೆ ಹೋಗ್ತೀನಿ ಅಂತ."

"ಕಾರಲ್ಲಾದ್ರೆ?"

"ಎಂಟು ಗಂಟೆ ದಾರಿ. ಈಗ್ಲೇ ಹೊರಟ್ರೆ ಹನ್ನೊಂದರೊಳಗೆ ಸೇರ್ಕೋತೀನಿ. ಆದ್ರೆ ಸೈಟಲ್ಲಿ ಕಾಂಕ್ರೀಟು ಶುರುವಾಗಿಬಿಟ್ಟಿದೆ, ನಡುವೆ ನಿಲ್ಲಿಸೋ ಹಾಗಿಲ್ಲ. ನೀವು ಆಗಲ್ಲ ಅಂದ್ರೆ ಅದನ್ನ ಮೇಸ್ತ್ರಿ ತಲೆಗೆ ಕಟ್ಟಿ ಈ ನಿಮಿಷ ಕಾರು ಹತ್ತೀನಿ. ನನಗೆ ಸಮಾಧಾನ ಬೇಡ, ನಿಜ ಹೇಳಿ. ವಿಮಾನಾನೋ, ರಸ್ತೇನೋ?"

ಅಕ್ಕ ಕಂಪ್ಯೂಟರಿಗೆ ತಿರುಗಿದಳು. ನಾಳೆ ಬೆಳಗಿನ ಜಾವ ಆ ದಡದ ಗಾಳಿಯ ಬಿಸಿಗೂ, ಇಬ್ಬನಿ ಕಟ್ಟುವಷ್ಟು ತಂಪಿಗೂ ನಡುವೆ ಒಂದೇ ಡಿಗ್ರಿಯ ಅಂತರವಿತ್ತು. ಆ ಎರಡು ಅಂಕಿ ಅಷ್ಟು ಹತ್ತಿರ ಬಂದವೆಂದರೆ ಮಂಜಿಗೆ ಬಾಗಿಲು ತೆರೆದಿಟ್ಟಂತೆ. ಬೇಡ ಎನ್ನಲು ಬಾಯಿ ತೆರೆದವಳು ನೀಲಿ ಪುಸ್ತಕ ಎಳೆದುಕೊಂಡಳು. ಹೋದ ವರ್ಷ ಇದೇ ದಿನಗಳಲ್ಲಿ ಎರಡು ಕಂಬ, ಮೂರು, ಮೂರು, ಎರಡು. ಈ ಸಲ ಒಂಬತ್ತು ದಿನದಿಂದ ನಾಲ್ಕು, ಆರು, ಆರು, ಏಳು, ಆರು. ಹೆಚ್ಚುಕಡಿಮೆ ಎರಡರಷ್ಟು. ಅದು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ, ಬಿತ್ತು. ಈ ವರ್ಷ ಮಂಜಿನ ಕೈ ಸೋತಿದೆ ಎಂದುಕೊಂಡಳು. ಯಂತ್ರ ಹೇಳುವುದು ನಾಳೆಯ ಊಹೆ, ಅಜ್ಜ ಹೇಳುವುದು ಕಣ್ಣಾರೆ ಕಂಡದ್ದು. ಎದುರಿಗೆ ನಿಂತ ಮನುಷ್ಯನ ಮುಖವೂ ಆಗಲಿ ಎಂಬ ಮಾತಿಗಾಗಿ ಕಾದಿತ್ತು.

"ವಿಮಾನ," ಎಂದಳು. "ಆರೂ ಮುಕ್ಕಾಲಿಗೆ ಹೊರಟ್ರೆ ಎಂಟಕ್ಕೆ ಇಳೀತೀರಿ. ಎಂಟೂವರೆ ಒಳಗೆ ಅಪ್ಪನ ಹತ್ತಿರ ಇರ್ತೀರಿ."

ಕಂಟ್ರಾಕ್ಟರು ಆಗ ಕೂತರು. ಎರಡೂ ಕೈಯಿಂದ ಮುಖ ಉಜ್ಜಿಕೊಂಡರು. ಎದ್ದು ಸೈಟಿಗೆ ಹೋದರು.

ತಮ್ಮ ಸಂಜೆ ಕಾಗದ ನೋಡಿ ನಕ್ಕ. "ಇದೇನೇ ಅಕ್ಕ, ಇಷ್ಟು ಇಂಧನ? ಇಬ್ಬರು ಹೋಗ್ತಿರೋದು ಕಣೇ, ಸಮುದ್ರ ದಾಟ್ತಿಲ್ಲ."

"ಅಲ್ಲಿ ಇಳಿಯೋಕೆ ಆಗದಿದ್ರೆ ಘಟ್ಟದ ಮೇಲಿನ ರನ್‌ವೇಗೆ ವಾಪಸ್ಸು ಬರ್ಬೇಕಲ್ಲ, ಅದಕ್ಕೆ."

"ನಿನ್ನ ಅಡುಗೇನೂ ಹೀಗೇ. ಬರದೇ ಇರೋ ನೆಂಟರಿಗೂ ಸೇರಿಸಿ ಬೇಯಿಸ್ತೀಯ."

"ಬಾಯಿ ಮುಚ್ಕೊಂಡು ಸಹಿ ಹಾಕು."

ಹಾಕಿದ. ಅವಳ ಸಹಿಯ ಕೆಳಗೆ ಅವನದು. ಎರಡರ ನಡುವೆ ಅವಳು ಎಂದಿನಂತೆ ಪೆನ್ಸಿಲ್ಲಿನಲ್ಲಿ ಬರೆದ ಸಾಲು: ನದಿಯ ಸೇತುವೆ ದಾಟುವ ಮುನ್ನ ಆರು ಕಂಬ ಇಲ್ಲವೆಂದರೆ ತಿರುಗುವುದು, ಇಳಿದು ನೋಡುವುದಿಲ್ಲ.

ಬೆಳಿಗ್ಗೆ ಆರೂವರೆಗೆ ಅಜ್ಜನ ಫೋನು ಬಂತು. ಪದ್ಯದ ಕೊನೆಯ ಎರಡು ಸಾಲು ತೇಲಿಬಂದು ಮುಗಿದವು.

"ಐದು ನೆಟ್ಟಗೆ ಕಾಣ್ತವೆ ಮಗಳೇ. ಆರನೇದು ಹುಟ್ಲೋ ಬೇಡ್ವೋ ಅಂತಿದೆ."

"ಬಿಸಿಲು ಬಂದ್ರೆ ಹುಟ್ಟುತ್ತೆ ಅಲ್ವಾ ಅಜ್ಜ?"

"ಹುಟ್ಟದೆ ಎಲ್ಲಿಗೆ ಹೋಗುತ್ತೆ."

ವಿಮಾನ ಹೊರಟಿತು. ಕಿಟಕಿಯಾಚೆ ಅದರ ಸದ್ದು ಕರಗುವವರೆಗೂ ಅವಳು ನಿಂತೇ ಇದ್ದಳು. ಇಲ್ಲಿ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಆದರೂ ನೀಲಿ ಪುಸ್ತಕ ತೆರೆದು ಮತ್ತೆ ಆ ಅಂಕಿಗಳ ಮೇಲೆ ಬೆರಳಾಡಿಸಿದಳು. ಎರಡಕ್ಕೆ ನಾಲ್ಕು. ಮೂರಕ್ಕೆ ಆರು. ಮಂಜು ಸೋಲುವುದಾದರೂ ಹೀಗೆ ಲೆಕ್ಕ ಹಾಕಿಕೊಂಡು ಸೋಲುತ್ತದೆಯೇ?

ಏಳೂವರೆಗೆ ಅಜ್ಜನ ಎರಡನೆಯ ಫೋನು. "ಆರು. ಹುಟ್ಟೇ ಬಿಡ್ತು. ನಿನ್ನ ತಮ್ಮನಿಗೆ ಹೇಳು, ಬರ್ಲಿ ಅಂತ." ಅವಳು ನಿಟ್ಟುಸಿರು ಬಿಡುವಷ್ಟರಲ್ಲಿ ಅಜ್ಜ ಮಾತು ಮುಂದುವರಿಸಿದ. "ಆರನೇದು ಹಳೇ ಕಂಬ ನೋಡು, ಮಾಸಿಹೋಗಿದೆ. ಬಿಳೀ ಬಣ್ಣ ಬಳಿದ ಹೊಸ ಕಂಬ ಆಗಿದ್ರೆ ಇನ್ನೂ ಬೇಗ ನನ್ನ ಕಣ್ಣಿಗೆ ಸಿಗ್ತಿತ್ತು."

"ಹೊಸದಾ? ಯಾವ ಹೊಸ ಕಂಬ ಅಜ್ಜ?"

"ಅದೇ, ಕರೆಂಟಿನವರು ನೆಟ್ರಲ್ಲ. ತಂತಿ ಜೋತು ಬೀಳ್ತಿದೆ ಅಂತ ನನ್ನ ಬಾಗಿಲಿಂದ ಹಿಡಿದು ಎರಡೆರಡು ಹಳೇ ಕಂಬದ ನಡುವೆ ಒಂದೊಂದು. ಹತ್ತು ದಿನ ಆಯ್ತು. ನಿಮ್ಮ ಆಫೀಸಿಗೆ ಹೇಳಿರ್ತಾರೆ ಅಂದ್ಕೊಂಡೆ."

ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಅಜ್ಜ ಎಣಿಸಿದ್ದರಲ್ಲಿ ತಪ್ಪಿರಲಿಲ್ಲ. ಎಣಿಸು ಎಂದು ತಾನೇ ಹೇಳಿದ್ದಳು, ದೂರ ಎಷ್ಟು ಎಂದು ಕೇಳಿರಲಿಲ್ಲ. ಆರು ಕಂಬ ಈಗ ಒಂದೂವರೆ ಕಿಲೋಮೀಟರಲ್ಲ, ಅದರ ಅರ್ಧ. ಒಂಬತ್ತು ದಿನವೂ ಅಲ್ಲಿ ಹೋದ ವರ್ಷದಷ್ಟೇ ದಟ್ಟ ಮಂಜಿತ್ತು. ಯಂತ್ರ ಹೇಳಿದ ಆ ಒಂದು ಡಿಗ್ರಿ ನಿಜವಾಗಿತ್ತು.

ಅವಳು ರೇಡಿಯೊ ಕೈಗೆತ್ತಿಕೊಂಡಳು. "ಸೇತುವೆ ದಾಟಿದ್ಯಾ?"

"ಇನ್ನೆರಡು ನಿಮಿಷ. ಕೆಳಗೆಲ್ಲ ಹತ್ತಿ ಹರಡಿದ ಹಾಗಿದೆ ಅಕ್ಕ. ಆರು ಕಂಬ ತಾನೆ?"

"ಆರೇ. ಆದ್ರೆ ನಡುವೆ ಹೊಸ ಕಂಬ ನೆಟ್ಟಿದ್ದಾರೆ. ದೂರ ಅರ್ಧಕ್ಕೆ ಅರ್ಧ. ತಿರುಗು."

ಕರಕರ ಸದ್ದು. ಅದರ ನಡುವೆ ಕಂಟ್ರಾಕ್ಟರ ದನಿ: "ಏನಂತೆ? ಏನಂತೆ?"

"ಅಕ್ಕ, ಒಂದೇ ಒಂದು ಸಲ ಕೆಳಗಿಳಿದು ನೋಡ್ತೀನಿ. ರನ್‌ವೇ ಕಾಣದಿದ್ರೆ ಮೇಲಕ್ಕೆ ಎದ್ದುಬಿಡ್ತೀನಿ. ಪಕ್ಕದಲ್ಲಿ ಇವರು ಕೂತಿದ್ದಾರೆ ಕಣೇ, ಇವರ ಮುಖ ನೋಡೋಕಾಗ್ತಿಲ್ಲ."

"ಕಾಗದದಲ್ಲಿ ಏನು ಬರೆದಿದೆ, ಓದು."

"ಅಕ್ಕ..."

"ಓದು."

ತಮ್ಮ ಓದಲಿಲ್ಲ. ಅವಳು ಮೈಕಿನ ಗುಂಡಿ ಒತ್ತಿಹಿಡಿದು ಹೇಳಿದಳು, "ನಿನ್ನೆ ನಾನು ಅವರಿಗೆ ಸುಳ್ಳು ಹೇಳಿದ ಹಾಗಾಯ್ತು. ಇವತ್ತು ನಿನ್ನನ್ನೂ ಕಳಕೊಂಡು ಅದನ್ನ ನಿಜ ಮಾಡೋಕಾಗಲ್ಲ. ತಿರುಗು ಮರೀ."

ಚಿಕ್ಕಂದಿನ ಮೇಲೆ ಅವನನ್ನು ಮರೀ ಎಂದು ಕರೆದಿರಲಿಲ್ಲ. "ತಿರುಗ್ತಿದ್ದೀನಿ," ಎಂದ ತಮ್ಮ.

ಎಂಟೂ ಕಾಲಿಗೆ ಘಟ್ಟದ ಮೇಲೆ ಇಳಿದರು. ಅಲ್ಲಿಂದ ಆಸ್ಪತ್ರೆಗೆ ಮೂರು ಗಂಟೆಯ ರಸ್ತೆ. ಅಕ್ಕ ಆಗಲೇ ಗೊತ್ತುಮಾಡಿದ್ದ ಕಾರಿಗೆ ಕಂಟ್ರಾಕ್ಟರು ಹಾರಿ ಕೂತರಂತೆ, ಬಾಗಿಲು ಹಾಕುವ ಮೊದಲೇ ಕಾರು ಹೊರಟಿತಂತೆ. ಅವರ ತಂಗಿ ಡಾಕ್ಟರ ಕೈಕಾಲು ಹಿಡಿದು ಒಂಬತ್ತನ್ನು ಒಂಬತ್ತೂವರೆ ಮಾಡಿಸಿದರು. ಅದಕ್ಕಿಂತ ಹೆಚ್ಚು ಕಾಯಲು ಡಾಕ್ಟರು ಒಪ್ಪಲಿಲ್ಲ. ಹತ್ತೂ ಇಪ್ಪತ್ತಕ್ಕೆ ಕಂಬದಜ್ಜ ತಾನಾಗಿಯೇ ಫೋನು ಮಾಡಿ, ಮಂಜೆಲ್ಲ ಹರಿದುಹೋಯಿತು, ಉಪ್ಪಿನ ಗದ್ದೆ ಬೆಳ್ಳಗೆ ಹೊಳೆಯುತ್ತಿದೆ ಎಂದ. ಅವಳು ಹೂಂಗುಟ್ಟಿದಳಷ್ಟೆ.

ಮಧ್ಯಾಹ್ನ ತಮ್ಮ ವಾಪಸು ಬಂದು, ಟೋಪಿ ತೆಗೆದು ಅವಳ ಮೇಜಿನ ಮೇಲಿಟ್ಟ. "ಅವರಪ್ಪ ಹೋಗ್ಬಿಟ್ರಂತೆ. ಎಚ್ಚರಾನೇ ಆಗ್ಲಿಲ್ವಂತೆ. ಒಳಗೆ ಕರ್ಕೊಂಡು ಹೋಗೋವಾಗ ವಿಮಾನ ಬಂತಾ ಅಂತ ಕೇಳಿದ್ರಂತೆ."

ಅಕ್ಕ ಪೆನ್ಸಿಲ್ಲು ಕೆಳಗಿಟ್ಟಳು.

"ನೋಡು," ತಮ್ಮ ದನಿ ತಗ್ಗಿಸಿದ, "ಅವರು ಫೋನ್ ಮಾಡಿದ್ರೆ ಮಂಜು ಅನ್ನು, ಸಾಕು. ಮಂಜು ಇದ್ದದ್ದು ನಿಜ ತಾನೆ? ಅದರ ಮೇಲೆ ಎಷ್ಟು ಹೊರಿಸಿದ್ರೂ ಅದು ತಿರುಗಿ ಮಾತಾಡಲ್ಲ."

"ಇವತ್ತು ಮಂಜು ಇತ್ತು. ನಿನ್ನೆ ಮಧ್ಯಾಹ್ನ ಎರಡೂವರೆಗೆ ಈ ರೂಮಲ್ಲಿ ಯಾವ ಮಂಜಿತ್ತು?"

ತಮ್ಮ ಟೋಪಿ ತಿರುಗಿಸುತ್ತ ಕೂತ.

ನಾಲ್ಕು ಗಂಟೆಗೆ ಕಂಟ್ರಾಕ್ಟರ ಫೋನು ಬಂದೇ ಬಂತು. ದನಿ ಒಣಗಿತ್ತು. ತಿರುಗಿದ್ದು ಸರಿಯಾಯಿತು, ನಿಮ್ಮ ತಮ್ಮನಿಗೂ ಮನೆ ಇದೆಯಲ್ಲ ಎಂದರು. ಮಂಜಿಗೆ ಯಾರೇನು ಮಾಡೋಕಾಗುತ್ತೆ ಎಂದೂ ಅವರೇ ಅಂದರು. ಅಲ್ಲಿಗೆ ಸುಮ್ಮನಿದ್ದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮೇಜಿನಾಚೆಯಿಂದ ತಮ್ಮ ಕಣ್ಣಲ್ಲೇ ಬೇಡಿಕೊಂಡ.

"ಮಂಜಲ್ಲ ಸಾರ್," ಎಂದಳು ಅಕ್ಕ. ಕಂಬಗಳ ಕತೆಯನ್ನು ಮೊದಲಿನಿಂದ ಹೇಳಿದಳು. ಎರಡಕ್ಕೆ ನಾಲ್ಕು, ಮೂರಕ್ಕೆ ಆರು ಆದದ್ದು ಕಣ್ಣಿಗೆ ಬಿದ್ದೂ ಒಂದು ಮಾತು ಕೇಳಲಿಲ್ಲ ಎಂದೂ ಹೇಳಿದಳು. "ಕೇಳಿದ್ದಿದ್ರೆ ನಿನ್ನೆ ನಿಮಗೆ ರಸ್ತೆ ಅಂತಿದ್ದೆ. ರಾತ್ರಿ ನೀವು ಅಪ್ಪನ ಹತ್ತಿರ ಇರ್ತಿದ್ರಿ."

ಆ ಕಡೆ ಆಸ್ಪತ್ರೆಯ ಗದ್ದಲ, ಯಾವುದೋ ಗಾಲಿಮಂಚದ ಕೀಚಲು ಸದ್ದು, ದೂರದಲ್ಲಿ ಹೆಂಗಸೊಬ್ಬಳ ಅಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಬೈದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಅವರು ಬೈಯಲಿಲ್ಲ.

"ಈಗ ಎರಡು ಕಂಬದ ನಡುವೆ ಎಷ್ಟು ದೂರ ಅಂದ್ರಿ?"

"ನೂರಿಪ್ಪತ್ತೈದು ಮೀಟರು."

"ಅಳೆದು ಹೇಳ್ತಿದ್ದೀರಾ?"

"ಇಲ್ಲ... ಅರ್ಧ ಅಂತ ಲೆಕ್ಕ ಹಾಕಿದ್ದು."

"ನಮ್ಮಪ್ಪ ಕಲ್ಲುಕೆಲಸದವರು. ಅಳೆಯದೆ ಕಲ್ಲು ಇಟ್ಟೆ ಅಂತ ಒಂದ್ಸಲ ನಾಲ್ಕು ಜನರ ಮುಂದೆ ನನ್ನ ಕೆನ್ನೆಗೆ ಬಾರಿಸಿದ್ರು. ಅವತ್ತು ಮಾತು ಬಿಟ್ಟವನು ನಾನು. ಅಳೆಸಿ ಮೇಡಮ್." ಫೋನು ಕಟ್ಟಾಯಿತು.

ಅಕ್ಕ ಕಂಬದಜ್ಜನಿಗೆ ಫೋನು ಹಚ್ಚಿದಳು. ನಡೆದದ್ದೆಲ್ಲ ಹೇಳಿದಳು. "ನಾನಾದ್ರೂ ಅವತ್ತೇ ಹೇಳ್ಬೇಕಿತ್ತು ಮಗಳೇ," ಎಂದ ಅಜ್ಜ. "ನೀನು ಎಣಿಸು ಅಂದಿದ್ದೆ, ನಾನು ಎಣಿಸ್ತಾ ಬಂದೆ."

"ಹಗ್ಗ ಇದ್ಯಾ ಅಜ್ಜ?"

ಹತ್ತು ಮೀಟರಿನ ದೋಣಿ ಹಗ್ಗ ಇತ್ತು. ಅಜ್ಜ ಫೋನನ್ನು ಹಾಗೆಯೇ ಅಂಗಿಯ ಜೇಬಿಗೆ ಹಾಕಿಕೊಂಡು ಬಿಸಿಲಿಗಿಳಿದ. ಮರಳಿನ ಮೇಲೆ ಹಗ್ಗ ಎಳೆಯುವ ಸದ್ದು, ಅಜ್ಜನ ಏದುಸಿರು, ಅದರ ಹಿಂದೆ ಸಮುದ್ರ. ಒಂದು, ಎರಡು, ಮೂರು ಎಂದು ಅವನು ಎಣಿಸುತ್ತ ಹೋದ. ಆ ಎಣಿಕೆಗೂ ಅವನಿಗೆ ತಿಳಿಯದೆಯೇ ಬೆಳಗಿನ ಪದ್ಯದ ರಾಗ ಬಂದು ಸೇರಿಕೊಂಡಿತ್ತು. ಬಾಗಿಲಿನಿಂದ ಮೊದಲ ಕಂಬಕ್ಕೆ ಹನ್ನೆರಡೂವರೆ ಹಗ್ಗ. ಅಲ್ಲಿಂದ ಎರಡನೆಯದಕ್ಕೂ ಅಷ್ಟೆ. ಎರಡನೆಯದರಿಂದ ಮೂರನೆಯದಕ್ಕೆ ಹನ್ನೊಂದೇ ಹಗ್ಗ. "ಇಲ್ಲಿ ಕೆಳಗೆ ಬಂಡೆ ಸಿಕ್ತು ಅಂತ ಈಚೆಗೆ ಸರಿಸಿ ನೆಟ್ಟಿದ್ದಾರೆ," ಎಂದ ಅಜ್ಜ ಜೇಬಿನೊಳಗಿನಿಂದ.

ಅರ್ಧವೆಂದುಕೊಂಡದ್ದೂ ಎಲ್ಲ ಕಡೆ ಅರ್ಧವಾಗಿರಲಿಲ್ಲ. ಅಕ್ಕ ನೀಲಿ ಪುಸ್ತಕದಲ್ಲಿ ಹೊಸ ಹಾಳೆ ತೆರೆದು, ಒಂದೊಂದನ್ನೂ ಬರೆದುಕೊಂಡಳು. ಆರನೆಯ ಕಂಬ ಮುಟ್ಟಿದಾಗ ಅಜ್ಜ ನಿಂತ.

"ಸಾಕಾ ಮಗಳೇ?"

"ಇನ್ನೂ ಎಷ್ಟಿವೆ ಅಜ್ಜ?"

"ಉಪ್ಪಿನ ಗದ್ದೆವರೆಗೂ ಕಾಣ್ತವೆ. ಇನ್ನೂ ಹದಿನಾಲ್ಕು."

"ಎಲ್ಲ ಅಳೀರಿ. ನಿಧಾನಕ್ಕೆ. ನಾನು ಕೇಳ್ತಾ ಇರ್ತೀನಿ," ಎಂದು ಅವಳು ಫೋನನ್ನು ಇನ್ನಷ್ಟು ಕಿವಿಗೊತ್ತಿಕೊಂಡಳು.