ಮುಟ್ಟಿತೇನ್ರಿ?

ಉತ್ತರಿ ಮಳೆ ಹೊಯ್ದು ಎರೆ ಹೊಲ ಹದಕ್ಕೆ ಬಂದಿತ್ತು. ಹುನಗುಂದದ ಆ ಸೀಮೆಯಲ್ಲಿ ಅಂದು ಮನೆಯಲ್ಲಿ ಕೂತವರೆಂದರೆ ಬಾಣಂತಿಯರು, ಹಣ್ಣು ಮುದುಕರು ಅಷ್ಟೇ. ಮಲಕಪ್ಪ ಎತ್ತು ಹೂಡಿ ಕೂರಿಗೆ ನಡೆಸಿದ್ದ. ಹೆಂಡತಿ ಬಸಲಿಂಗವ್ವ ಉಡಿಯಲ್ಲಿ ಬಿಳಿಜೋಳ ಕಟ್ಟಿಕೊಂಡು, ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ತೆಳ್ಳಗೆ ಕಾಳು ಬಿಡುತ್ತ ನಡೆದಿದ್ದಳು. ಗಂಡನ ಎಡಗಿವಿ ಎಪ್ಪತ್ತೊಂದರ ಯುದ್ಧದಲ್ಲಿ ಹೋಗಿತ್ತು. ಹಾಗಾಗಿ ಹೊಲದಲ್ಲಾಗಲಿ ಓಣಿಯಲ್ಲಾಗಲಿ ಆಕೆ ಅವನ ಬಲಕ್ಕೇ ನಡೆಯುವಳು.

ಬದುವಿನ ಮೇಲೆ ಈರಪ್ಪ ಬಂದು ನಿಂತ. ಪಂಚಾಯ್ತಿ ಚೇರಮನ್ ಶಂಕ್ರಪ್ಪನ ಮನೆಯ ಸಂಬಳದಾಳು.

“ಯಕ್ಕಾ, ಚೇರಮನ್ರು ಇದನ್ನ ಮುಟ್ಟಿಸಿ ಬಾ ಅಂದ್ರು.”

ಅವನ ಕೈಯಲ್ಲಿದ್ದ ಕೆಂಪು ಡಬ್ಬಿಯ ಗುರುತು ಬಸಲಿಂಗವ್ವನಿಗೆ ದೂರದಿಂದಲೇ ಸಿಕ್ಕಿತು. ಆಗಸ್ಟ್ ಹದಿನೈದಕ್ಕೆ ಝಂಡಾ ಏರಿಸಿದ ಮೇಲೆ ಶಂಕ್ರಪ್ಪ ಮಲಕಪ್ಪನ ಕೊರಳಿಗೆ ಹಾರ ಹಾಕಿ, ನಮ್ಮೂರ ಹುಲಿ ಎಂದು ಕೂಗಿ, ಅವನ ಎದೆಯ ಮೇಲಿದ್ದ ಸೇನಾ ಪದಕವನ್ನು ಡಬ್ಬಿಯ ಸಮೇತ ಕೈಗಡ ಕೇಳಿದ್ದ. ಬಾಗಲಕೋಟೆಯ ಸಾಹೇಬರಿಗೆ ತೋರಿಸಿ ನಾಲ್ಕೇ ದಿನಕ್ಕೆ ತಂದುಕೊಡುವೆನೆಂದಿದ್ದ.

ಆಕೆ ಡಬ್ಬಿ ತೆರೆದಳು. ತುಂಬ ಸಕ್ಕರೆ. ಕೈಗಡ ತಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು, ನಾಲ್ಕು ಕಾಳನ್ನಾದರೂ ಹಾಕಿ ಕೊಡಬೇಕು ಎಂಬುದು ಅಲ್ಲಿಯ ಹೆಂಗಸರ ರೂಢಿ. ಬಸಲಿಂಗವ್ವ ಬೆರಳಾಡಿಸಿದಳು. ಸಕ್ಕರೆಯ ತಳದಲ್ಲಿ ಮಖಮಲ್ಲಿತ್ತು, ಅದರಲ್ಲಿ ಪದಕ ಕೂತಿದ್ದ ಕುಳಿಯಿತ್ತು. ಪದಕವಿರಲಿಲ್ಲ.

“ಒಳಗಿಂದು ಎಲ್ಲೈತೋ?”

ಈರಪ್ಪ ಹೆಬ್ಬೆರಳಿನಿಂದ ಮಣ್ಣು ಕೆದರಿದ. “ಶ್ರಾವಣದಾಗ ಬಾಗಲಕೋಟಿ ವಿದ್ಯಾಗಿರಿಯಾಗ ಅವರ ಮಗಳ ಮದುವಿ ಆತಲ್ಲ ಯಕ್ಕಾ. ಅಳಿಯ ಅದನ್ನ ಕೋಟಿಗೆ ಹಚಗೊಂಡು ಕುದರಿ ಹತ್ತಿದ್ದ. ಭಾಳ ಚಂದ ಕಂಡಿತ್ತು. ಇಳಿಯೂದ್ರಾಗ ಎಲ್ಲಿ ಬಿತ್ತೋ ಏನೋ.”

“ಮದುಮಗನ ಕೋಟಿಗೆ! ಬಾಸಿಂಗ ಸಾಲಲಿಲ್ಲೇನು ಅವಗ?”

ಕೂರಿಗೆ ನಿಲ್ಲಿಸಿ ಬಂದ ಮಲಕಪ್ಪ ಡಬ್ಬಿಯೊಳಗೆ ನೋಡಿದ, ಮುಚ್ಚಿದ, ಹೆಂಡತಿಗೇ ಕೊಟ್ಟ. “ಹದ ಹೋಗತೈತಿ. ಕಾಳು ಬಿಡು.”

ಬಿಟ್ಟಳು. ಸಿಟ್ಟಿನಲ್ಲಿ ಕಾಳು ಮುಷ್ಟಿ ಮುಷ್ಟಿಯಾಗಿ ಬಿದ್ದವು. “ದಟ್ಟಾತು,” ಎಂದ ಅವನು, ತಿರುಗಿ ನೋಡದೆ.

ಪುಣೆಯ ದವಾಖಾನೆಯಲ್ಲಿ, ತಲೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ, ಒಮ್ಮೆ ಮಾತ್ರ ಅವನು ಆಕೆಗೆ ಯುದ್ಧದ ಸಂಗತಿ ಹೇಳಿದ್ದ. ತೋಪಿನ ಗುಂಡು ಬಿದ್ದು ಟೆಲಿಫೋನಿನ ತಂತಿ ಹರಿದಿತ್ತು. ತಂತಿ ನೋಡಿಕೊಳ್ಳುವ ಸಿಗ್ನಲ್ ಸಿಪಾಯಿ ಇವನೇ. ಹೊಟ್ಟೆಯ ಮೇಲೆ ತೆವಳಿ ಹೋಗಿ ಎರಡು ತುದಿ ಹುಡುಕಿ ಬೆಸೆದ. ಬೆಸೆಯುವಾಗಲೇ ಇನ್ನೊಂದು ಗುಂಡು ಪಕ್ಕದಲ್ಲಿ ಬಿದ್ದು ಎಡಗಿವಿ ಹೋಯಿತು. ಬಲಗಿವಿಗೆ ಫೋನು ಹಚ್ಚಿ, ಹಿಂದೆ ಸರಿಯಿರಿ ಎಂಬ ಒಂದೇ ಮಾತನ್ನು ಹೇಳುತ್ತ ಹೋದ. ಆ ಮಾತು ಮುಟ್ಟಿದ್ದಕ್ಕೆ ಮುಂದಿನ ತುಕಡಿಯವರೆಲ್ಲ ಜೀವಂತ ಮರಳಿದರು. “ಆ ಕಡಿಯಾಂವ ಮುಟ್ಟಿತು ಅನ್ನೂತನಕ ನಮ್ಮ ಕೆಲಸ ಮುಗಿಯಂಗಿಲ್ಲ,” ಎಂದಿದ್ದ. ಅದಕ್ಕೆ ಸಿಕ್ಕ ಪದಕ ಅಳಿಯನ ಕೋಟಿಗೆ ಶೃಂಗಾರವಾಗಿತ್ತು!

ಬಿತ್ತಿಗೆ ಮುಗಿಸಿ, ಎತ್ತಿಗೆ ನೀರು ಕುಡಿಸಿ, ಇಬ್ಬರೂ ಶಂಕ್ರಪ್ಪನ ಮನೆಗೆ ಹೋದರು. ಅವನು ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಎಲೆ ಮಡಿಸುತ್ತಿದ್ದ.

“ಬಾರೋ ಮಲಕಪ್ಪಾ! ಸಕ್ಕರಿ ಮುಟ್ಟಿತಿಲ್ಲೋ?”

“ಪದಕ ಮುಟ್ಟಿಲ್ರಿ.”

“ಅಯ್ಯ, ಒಂದು ತಗಡಿನ ಬಿಲ್ಲಿ ಸಲುವಾಗಿ ಇಷ್ಟೊತ್ತಿನ್ಯಾಗ ಬಂದ್ಯಾ? ಇಳಕಲ್ಲ ಅಕ್ಕಸಾಲಿ ಕಡೆ ಬೆಳ್ಳೀದು ಮಾಡಿಸಿ ಕೊಡ್ತೇನಿ. ಅದಕ್ಕಿಂತ ತೂಕಿಂದು.”

“ಬೆಳ್ಳಿ ಬ್ಯಾಡ್ರಿ. ಕಳದೇನಿ ಅಂತ ಊರ ಮುಂದ ಅನ್ರಿ. ಕೇಳೂಮುಂದ ಊರ ಮುಂದ ಕೇಳೀರಿ.”

ಶಂಕ್ರಪ್ಪನ ಮುಖ ಬಿಗಿಯಿತು. “ಏನ್ಲೇ, ಭಾಳ ಮಾತಾಡಾಕತ್ತಿ? ನೀ ಏನ್ ಬಂದೂಕ ಹಿಡದಿದ್ದೇನು? ವೈರ್ ಹಿಡದಾಂವ!”

ಕಟ್ಟೆಯ ಮೇಲಿನವರು ನಕ್ಕರು. ಹಾರ ಹಾಕಿದ ದಿನ ಚಪ್ಪಾಳೆ ತಟ್ಟಿದವರೂ ಇವರೇ. ಬಸಲಿಂಗವ್ವ ಡಬ್ಬಿ ತೆರೆದು ಸಕ್ಕರೆಯನ್ನೆಲ್ಲ ಅವರ ಚಪ್ಪಲಿಗಳ ಮೇಲೆ ಸುರಿದಳು. “ನಿಮ್ಮ ಸಕ್ಕರಿ ನೀವ ತಿನ್ರಿ. ಇರಿವಿನ ಕರದು ಕುಂದರಿಸಿಕೊಂಡು ನಗ್ರಿ!”

ಮಲಕಪ್ಪ ದನಿ ಏರಿಸಲಿಲ್ಲ. “ಚೇರಮನ್ರ, ಕೈಗಡ ಒಯ್ದ ಪದಕ ಕೊಡ್ರಿ. ಕಳದಿದ್ರ ಕಳದೇನಿ ಅನ್ರಿ. ಮುಟ್ಟಿತೇನ್ರಿ?”

ಶಂಕ್ರಪ್ಪ ಎಲೆ ಬಾಯಿಗಿಟ್ಟುಕೊಂಡು ಒಳಗೆ ಹೋದ. ಮರುದಿನ ಹೊಲಕ್ಕೆ ಹೋಗುವ ಮುಂಚೆ ಅದೇ ಕಟ್ಟೆಯ ಮುಂದೆ ನಿಂತು, ಒಂದು ಅಕ್ಷರ ಹೆಚ್ಚಿಲ್ಲದೆ ಒಂದು ಅಕ್ಷರ ಕಡಿಮೆಯಿಲ್ಲದೆ, ಅದೇ ಮಾತು ಹೇಳಿದ. ಅದರ ಮರುದಿನವೂ ಹೇಳಿದ. ಮೊದಮೊದಲು ಜನ ‘ಹಲೋ, ಹಲೋ’ ಎಂದು ಅಣಕಿಸಿದರು. ಬರಬರುತ್ತ ನಗು ನಿಂತಿತು. ಸಂತೆಯ ದಿನ ಹಾಯ್ದು ಹೋಗುವ ಪರವೂರಿನವರೂ, ಏನದು, ಏನು ಒಯ್ದಾರ ಎಂದು ಕೇಳಹತ್ತಿದರು. ಶಂಕ್ರಪ್ಪ ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದ. ‘ಕಳದೇನಿ’ ಎಂಬ ನಾಲ್ಕು ಅಕ್ಷರದ ಒಂದು ಮಾತು ಅವನ ಗಂಟಲಿನಿಂದ ಹೊರಡಲೊಲ್ಲದು!

ಜೋಳ ಮೊಣಕಾಲುದ್ದ ಬೆಳೆದಾಗ ಮಲಕಪ್ಪನಿಗೆ ಚಳಿಜ್ವರ ಹಿಡಿಯಿತು. ಅಂದು ಬಸಲಿಂಗವ್ವ ಒಬ್ಬಳೇ ಹೋದಳು. ಬಾಗಿಲು ಮುಚ್ಚಿತ್ತು. ಗಂಡನ ಮಾತನ್ನು ಗಂಡನ ಹಾಗೆಯೇ ಹೇಳಬೇಕೆಂದುಕೊಂಡು ಹೋಗಿದ್ದರೂ ಸಿಟ್ಟಿಗೆ ಆಕೆಯ ದನಿ ಒಡೆಯಿತು. “... ಕಳದಿದ್ರ ಕಳದೇನಿ ಅನ್ರಿ. ಮುಟ್ಟಿತೇನ್ರಿ?”

ಬಾಗಿಲ ಹಿಂದೆ ಬಳೆ ಸದ್ದಾಯಿತು. ಶಂಕ್ರಪ್ಪನ ಹೆಂಡತಿ ಸಾವಿತ್ರೆವ್ವ, ಕದ ತೆರೆಯದೆಯೇ ಅಂದಳು: “ಮುಟ್ಟಿತವ್ವಾ. ಕಳದಾರ. ಖರೆ ಐತಿ.”

ಬಸಲಿಂಗವ್ವ ಓಡುತ್ತ ಮನೆಗೆ ಬಂದು ಗಂಡನ ಬಲಗಿವಿಯಲ್ಲಿ ಹೇಳಿದಳು.

“ಯಾರಂದ್ರು?”

“ಸಾವಿತ್ರೆವ್ವ.”

ಮಲಕಪ್ಪ ಕಂಬಳಿ ಸರಿಸಿ ಎದ್ದು ಕೂತ. “ಆಕಿ ದೊಡ್ಡಾಕಿ. ಆದ್ರ ಒಯ್ದಾಕಿ ಆಕಿ ಅಲ್ಲ.”

ಮರುದಿನ ಜ್ವರ ಬಿಟ್ಟಿರಲಿಲ್ಲ. ಅವನು ರುಮಾಲು ಸುತ್ತಿಕೊಂಡು ಕೋಲು ಹಿಡಿದ. ಬಸಲಿಂಗವ್ವ ಖಾಲಿ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವನ ಬಲಕ್ಕೆ ನಿಂತಳು. ಇಬ್ಬರೂ ಕಟ್ಟೆಯ ಕಡೆ ನಡೆದರು.